ಮೊದಲು ಅಂಗಿ, ಆಮೇಲೆ ಕ್ಯಾಮೆರಾ

ನಾಗಪುರದ ಹತ್ತಿರದ ನಮ್ಮ ಕಳಮೇಶ್ವರದಲ್ಲಿ ಆಕಾಶಕ್ಕೆ ಬರವಿಲ್ಲ. ಕಣ್ಣಿಗೆ ಅಡ್ಡ ಬರುವಂಥ ಗುಡ್ಡವಿಲ್ಲ, ಏಳಂತಸ್ತಿನ ಮನೆಗಳಿಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಲವು ಚಿಮಣಿ ಬಿಟ್ಟರೆ ಮಿಕ್ಕದ್ದೆಲ್ಲ ಕಿತ್ತಳೆ ತೋಟ, ಹತ್ತಿ ಹೊಲ, ಅದರ ಮೇಲೆ ನೀಲಿ. ನಾಗಪುರ ದೇಶದ ನಟ್ಟನಡುವೆ ಕೂತಿರುವುದರಿಂದ ದಿಲ್ಲಿಯಿಂದ ಚೆನ್ನೈಗೆ, ಮುಂಬಯಿಯಿಂದ ಕೋಲ್ಕತ್ತಕ್ಕೆ ಹೋಗುವ ವಿಮಾನಗಳೆಲ್ಲ ನಮ್ಮ ನೆತ್ತಿಯ ಆಸುಪಾಸಿನಲ್ಲೇ ಬಿಳಿ ಗೆರೆ ಎಳೆದುಕೊಂಡು ಹೋಗುತ್ತವೆ. ಕೆಳಗೆ ಇಟಾರ್ಸಿ ಕಡೆಯ ರೈಲುಗಳದ್ದೂ ಅದೇ ಕತೆ. ಒಟ್ಟಿನಲ್ಲಿ ಹಾದುಹೋಗುವವರು ಬಹಳ, ಇಳಿಯುವವರು ಕಡಿಮೆ. ಮೇಲಿನಿಂದ ಇಳಿಯುವವರಂತೂ ಇಲ್ಲವೇ ಇಲ್ಲ.

ಹಾಗೆ ಇಳಿಯುವವರನ್ನು ನೋಡಬೇಕೆಂದರೆ ನಾಗಪುರದ ವಾಯುಸೇನಾ ನಗರಕ್ಕೆ ಹೋಗಬೇಕು. ಅಲ್ಲಿ ವಾಯುಪಡೆಯ ಏರ್ ಫೆಸ್ಟ್ ಇದ್ದಾಗ ಇಡೀ ವಿದರ್ಭವೇ ಕತ್ತು ಮೇಲೆತ್ತಿ ನಿಲ್ಲುತ್ತದೆ. ಅಲ್ಲಿ ಜಿಗಿಯುವ ಆಕಾಶ್ ಗಂಗಾ ಎಂಬ ವಾಯುಪಡೆಯ ತಂಡ 1987ರಲ್ಲಿ ಆಗ್ರಾದಲ್ಲಿ ಕಟ್ಟಿದ್ದು. ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನೋಡಿದವರಿಗೆ ಇಂಥ ದಿನದ ಗದ್ದಲ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ವಿಮಾನದ ಹಿಂಬಾಗಿಲಿನಿಂದ ಆಕಾಶ್ ಗಂಗಾದವರು ಒಬ್ಬೊಬ್ಬರಾಗಿ ಉದುರುವಾಗ ಮೈದಾನದಲ್ಲಿ ಸಾವಿರಾರು ಮೊಬೈಲ್‌ಗಳು ಮೇಲೇಳುತ್ತವೆ. ಆಮೇಲೆ ಮನೆಗೆ ಹೋಗಿ ನೋಡಿದರೆ ಎಲ್ಲರ ಮೊಬೈಲ್‌ನಲ್ಲೂ ಒಂದೇ ಚಿತ್ರ: ನೀಲಿಯ ಮಧ್ಯೆ ಒಂದು ಕಪ್ಪು ಚುಕ್ಕೆ, ಪಕ್ಕದಲ್ಲಿ ಯಾರದೋ ಟೋಪಿಯ ಅಂಚು. ಆ ಚುಕ್ಕೆಗೆ ಬೆರಳಿಟ್ಟು ಹಿಗ್ಗಿಸಿ ಹಿಗ್ಗಿಸಿ "ಇವನೇ ನೋಡ್ರಿ, ಧ್ವಜ ಹಿಡಿದವ" ಎಂದು ನೆರೆಮನೆಯವರಿಗೆ ತೋರಿಸುವುದು. ಅವರೂ ಪಾಪ, ಹೌದು ಹೌದು ಅನ್ನುವುದು.

ನೆಲದ ಮೇಲೆ ನಿಂತು ಜಿಗಿತವನ್ನು ಚಿತ್ರಿಸಲು ಬರುವುದಿಲ್ಲ. ಜಿಗಿಯುವವನ ಮುಖ, ಅವನ ಬಾಯೊಳಗೆ ಗಾಳಿ ನುಗ್ಗಿ ಕೆನ್ನೆ ಪಟಪಟ ಬಡಿದುಕೊಳ್ಳುವುದು, ಕಣ್ಣಲ್ಲಿ ಭಯವೋ ಖುಷಿಯೋ ತಿಳಿಯದ ಆ ಹೊಳಪು, ಇವೆಲ್ಲ ಬೇಕಾದರೆ ಇನ್ನೊಬ್ಬನೂ ಜಿಗಿಯಬೇಕು. ಜಿಗಿದು, ಎರಡು ಮಾರು ದೂರದಲ್ಲಿ ಎದುರಾಬದುರಾಗಿ ಬೀಳುತ್ತ ಇರಬೇಕು. ನಾವು ನೋಡುವ ಪ್ರತಿ ಸ್ಕೈಡೈವಿಂಗ್ ವಿಡಿಯೊದ ಈಚೆ ಬದಿಯಲ್ಲಿ ಹೀಗೆ ಬಿದ್ದ ಒಬ್ಬ ಆಸಾಮಿ ಇರುತ್ತಾನೆ. ಅವನ ಹೆಸರನ್ನು ಯಾರೂ ಕೇಳುವುದಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಫೋಟೊಗ್ರಾಫರ್ ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದ್ದುಂಟೇ? ಅವನಿಗೆ ಕೊನೆಯ ಪಂಕ್ತಿಯಲ್ಲಿ ಊಟ ಹಾಕಿದರೆ ಆಯಿತು.

ನಾನು ವಿಮಾನದಿಂದ ಜಿಗಿದವನಲ್ಲ. ಏಣಿಯ ಮೇಲಿನಿಂದ ಇಳಿಯುವಾಗಲೂ ಕೆಳಗೆ ಹಿಡಿಯಲು ಯಾರಾದರೂ ಇದ್ದಾರೆಯೇ ಎಂದು ನೋಡುವ ಜಾತಿ. ಆದರೂ ಈ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಓದಿ, ಕೇಳಿ, ವಿಡಿಯೊ ನೋಡಿ ಕಟ್ಟಿಕೊಂಡ ಅಭಿಪ್ರಾಯಗಳು ಅನುಭವದಿಂದ ಬಂದವಕ್ಕಿಂತ ಗಟ್ಟಿಯಾಗಿರುತ್ತವೆ. ಯಾಕೆಂದರೆ ಅವನ್ನು ಅಲುಗಾಡಿಸಲು ಅನುಭವವೇ ಇರುವುದಿಲ್ಲ. ನನ್ನ ತಂಗಿಯ ಮಗ ಹುಬ್ಬಳ್ಳಿಯಲ್ಲಿದ್ದಾನೆ. ಮೈಸೂರಿಗೆ ಹೋಗಿ, ಚಾಮುಂಡಿ ಬೆಟ್ಟದ ಬಳಿ, ತರಬೇತುದಾರನ ಎದೆಗೆ ಬಿಗಿಸಿಕೊಂಡು ಜಿಗಿಯುವ ಟ್ಯಾಂಡಮ್ ಜಿಗಿತವೊಂದನ್ನು ಮುಗಿಸಿ ಬಂದ. ಆ ವಿಡಿಯೊವನ್ನು ಓಣಿಯ ಮಂದಿಯೆಲ್ಲ ನೋಡಿಯಾಯಿತು. ಆಮೇಲೆ ಅವನಿಗೆ ಹತ್ತಿದ ಹುಚ್ಚು ಮಾತ್ರ ಬೇರೆ: ಇನ್ನು ಮೇಲೆ ತಾನು ಆ ವಿಡಿಯೊ ತೆಗೆಯುವವನಾಗಬೇಕು. ಫೋನ್ ಮಾಡಿದ.

"ಮಾಮಾ, ಆಕಾಶದಾಗ ವಿಡಿಯೊ ಮಾಡಾಕ ಯಾವ ಕ್ಯಾಮೆರಾ ಚಲೋರಿ?"

"ಅಂಗಿ ಯಾವ್ದು ಹಾಕ್ಕೊಂಡು ಜಿಗೀತಿ?"

"ಅಂಗೀ? ಯಾವ್ದರ ಒಂದು ಹಾಕ್ಕೊಂತೇನಿ ಬಿಡ್ರಿ."

"ಹಂಗಾರ ಕ್ಯಾಮೆರಾ ಸುದ್ದಿ ಈಗ ಬ್ಯಾಡಪಾ."

ಅವನಿಗೆ ಸಿಟ್ಟು ಬಂತು. ಆದರೆ ನಾನು ಹೇಳಿದ್ದರಲ್ಲಿ ತಮಾಷೆ ಇರಲಿಲ್ಲ. ನೆಲದ ಮೇಲೆ ಅಂಗಿ ಮಾನ ಮುಚ್ಚುತ್ತದೆ, ಅಂದ ಕೊಡುತ್ತದೆ, ಮದುವೆಯಲ್ಲಿ ಭಾವನ ಸ್ಥಾನಮಾನ ತೋರಿಸುತ್ತದೆ. ಹತ್ತು ಸಾವಿರ ಅಡಿ ಮೇಲೆ ಅದೇ ಅಂಗಿ ಯಂತ್ರದ ಭಾಗ. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯ ಹತ್ತು ಹನ್ನೆರಡು ಸೆಕೆಂಡಿನೊಳಗೆ ಗಂಟೆಗೆ ಸುಮಾರು 190-200 ಕಿಲೋಮೀಟರ್ ವೇಗ ಮುಟ್ಟುತ್ತಾನೆ. ಅಲ್ಲಿಗೆ ಗಾಳಿಯ ತಡೆ ಅವನ ತೂಕಕ್ಕೆ ಸಮವಾಗಿ ವೇಗ ಏರುವುದು ನಿಲ್ಲುತ್ತದೆ. ಈ 'ಸುಮಾರು' ಎಂಬಲ್ಲೇ ಇರುವುದು ಕಸಬಿನ ಗುಟ್ಟು. ತೂಕದ ಮನುಷ್ಯ ಬೇಗ ಬೀಳುತ್ತಾನೆ, ಸಣಕಲ ನಿಧಾನ. ಟ್ಯಾಂಡಮ್‌ನಲ್ಲಿ ಇಬ್ಬರ ತೂಕ ಒಟ್ಟಾಗಿ ವೇಗ ಕೈಮೀರುತ್ತದೆಂದು ಹಿಂದೆ ಡ್ರೋಗ್ ಎಂಬ ಪುಟ್ಟ ಛತ್ರಿಯೊಂದನ್ನು ಬಿಟ್ಟು ತಡೆಯುತ್ತಾರೆ. ಈ ಜೋಡಿಯ ಎದುರಿಗೆ, ಅವರದೇ ವೇಗದಲ್ಲಿ, ಒಂದು ಗೇಣು ಮೇಲೆಯೂ ಇಲ್ಲದೆ ಕೆಳಗೂ ಇಲ್ಲದೆ ಕ್ಯಾಮೆರಾದವನು ಬೀಳಬೇಕು. ಒಂದು ದಿನ ಮುಂದೆ ಬರುವವನು ಕುಸ್ತಿ ಪೈಲ್ವಾನ, ಮರುದಿನ ಬರುವವಳು ಕಾಲೇಜು ಹುಡುಗಿ. ಕ್ಯಾಮೆರಾದವನ ತೂಕ ಮಾತ್ರ ಎರಡೂ ದಿನ ಅಷ್ಟೇ.

ಇದಕ್ಕೆ ಕ್ಯಾಮೆರಾದವರು ಕಂಡುಕೊಂಡ ಉಪಾಯವೇ ಕ್ಯಾಮೆರಾ ಸೂಟ್. ಮುಂಗೈಯಿಂದ ಸೊಂಟದವರೆಗೆ, ಬಗಲಿನ ಕೆಳಗೆ, ತ್ರಿಕೋನಾಕಾರದ ಬಟ್ಟೆ ಹೊಲಿದಿರುತ್ತಾರೆ. ಕೈ ಚಾಚಿದರೆ ಅದು ರೆಕ್ಕೆಯಾಗಿ ಬಿಚ್ಚಿಕೊಂಡು ಗಾಳಿ ಹಿಡಿಯುತ್ತದೆ, ಬೀಳುವ ವೇಗ ಕಡಿಮೆಯಾಗುತ್ತದೆ. ಕೈ ಮಡಿಸಿದರೆ ವೇಗ ಹೆಚ್ಚುತ್ತದೆ. ಬಟ್ಟೆಯ ಜಾತಿಯೂ ಮುಖ್ಯ. ಹತ್ತಿ ಬೆರೆತ ದೊಗಲೆ ಬಟ್ಟೆ ಗಾಳಿಯನ್ನು ಹಿಡಿದು ನಿಧಾನ ಮಾಡುತ್ತದೆ. ನುಣ್ಣನೆಯ ನೈಲಾನ್, ಮೈಗಂಟುವ ಸ್ಪ್ಯಾಂಡೆಕ್ಸ್ ಜಾರಿಸಿ ಬೇಗ ಇಳಿಸುತ್ತವೆ. ಸಣಕಲರಿಗೆ ಬಿಗಿ ಅಂಗಿ, ದಪ್ಪನವರಿಗೆ ದೊಗಲೆ. ನಮ್ಮೂರ ದರ್ಜಿಗಳು ನೂರು ವರ್ಷದಿಂದ ಹೇಳಿಕೊಂಡು ಬಂದದ್ದಕ್ಕೆ ಪೂರ್ತಿ ಉಲ್ಟಾ. ಹುಬ್ಬಳ್ಳಿ ಹುಡುಗ ಬಡಕಲು. ಅವನು ಫ್ಯಾಷನ್ನಿಗೆಂದು ದೊಗಲೆ ಪ್ಯಾಂಟ್ ಹಾಕಿಕೊಂಡು ಜಿಗಿದರೆ, ಎದುರಿನ ಜೋಡಿ ಕೆಳಗೆ ಜಾರಿ ಹೋಗಿ, ಅವನ ಕ್ಯಾಮೆರಾದಲ್ಲಿ ಸಿಗುವುದು ಅವರ ಬೆನ್ನ ಚೀಲ ಮಾತ್ರ. ಅದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಚಳಿಯದೂ ಒಂದು ಲೆಕ್ಕವಿದೆ. ನಾಗಪುರದ ಮೇ ತಿಂಗಳ ಬಿಸಿಲು ಕಂಡವರು ಸ್ವೆಟರ್ ಎಂಬ ಪದವನ್ನೇ ಮರೆತಿರುತ್ತಾರೆ. 45 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಆದರೆ ಒಂದು ಕಿಲೋಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಹತ್ತು ಸಾವಿರ ಅಡಿಯೆಂದರೆ ಮೂರು ಕಿಲೋಮೀಟರ್, ಹತ್ತಿರ ಹತ್ತಿರ 20 ಡಿಗ್ರಿ ಕಡಿಮೆ. ಡಿಸೆಂಬರಿನ ಮುಂಜಾನೆ ಕಳಮೇಶ್ವರದಲ್ಲಿ 12 ಡಿಗ್ರಿ ಇದ್ದರೆ ಮೇಲೆ ನೀರು ಹೆಪ್ಪುಗಟ್ಟುವ ಚಳಿ, ಅದರ ಮೇಲೆ ಗಂಟೆಗೆ 200 ಕಿಲೋಮೀಟರ್ ಗಾಳಿ. ಬೆರಳು ಮರಗಟ್ಟಿದರೆ ಪ್ಯಾರಾಚೂಟಿನ ಹಿಡಿಕೆ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ. ಹಾಗೆಂದು ಅಜ್ಜಿ ಹೆಣೆದ ದಪ್ಪ ಕೈಗವಸು ಹಾಕಿಕೊಂಡರೂ ತಿಳಿಯುವುದಿಲ್ಲ. ತೆಳ್ಳಗಿರಬೇಕು, ಬೆಚ್ಚಗಿರಬೇಕು, ಹಿಡಿತವಿರಬೇಕು. ಕ್ಯಾಮೆರಾದ ಬ್ಯಾಟರಿಗೂ ಚಳಿ ಒಗ್ಗುವುದಿಲ್ಲ. ನೆಲದ ಮೇಲೆ ಅರ್ಧ ಚಾರ್ಜ್ ತೋರಿಸಿದ್ದು ಮೇಲೆ ಹೋಗಿ ಕಣ್ಣು ಮುಚ್ಚಿಬಿಡುತ್ತದೆ. ಇನ್ನು ಚಳಿಯಿಂದ ನಮ್ಮ ಕರಾವಳಿಯಂಥ ತೇವದ ಗಾಳಿಗೆ ಇಳಿದರೆ ಲೆನ್ಸಿನ ಮೇಲೆ ಮಂಜು ಕಟ್ಟಿ, ನೆಲ ಮುಟ್ಟುವ ದೃಶ್ಯ ಹೊಗೆಯೊಳಗೆ ನಡೆದಂತೆ ಕಾಣುತ್ತದೆ. ವಿದರ್ಭದ ಒಣ ಹವೆಗೆ ಆ ತಾಪತ್ರಯವಿಲ್ಲ. ಈ ಊರಿನ ಹವೆಯನ್ನು ಹೊಗಳಲು ಸಿಕ್ಕ ಅವಕಾಶ ಬಿಡಬಾರದೆಂದು ಹೇಳಿದೆ.

ಬಟ್ಟೆಯ ಮಾತು ಬಂದಮೇಲೆ ಪುಣೆಯ ಶೀತಲ್ ಮಹಾಜನ್ ಅವರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. 2004ರ ಏಪ್ರಿಲ್‌ನಲ್ಲಿ ಅವರು ಉತ್ತರ ಧ್ರುವದ ಮೇಲೆ, ಮೈನಸ್ 37 ಡಿಗ್ರಿ ಚಳಿಯಲ್ಲಿ, ಅಭ್ಯಾಸದ ಒಂದು ಜಿಗಿತವೂ ಇಲ್ಲದೆ ಜಿಗಿದವರು. ಪದ್ಮಶ್ರೀ ಬಂತು. ಅದೆಲ್ಲಕ್ಕಿಂತ ನನ್ನ ಮನಸ್ಸು ಸೆಳೆದದ್ದು 2018ರ ಫೆಬ್ರುವರಿಯಲ್ಲಿ ಅವರು ಥಾಯ್ಲೆಂಡಿನ ಪಟ್ಟಾಯದಲ್ಲಿ 13,000 ಅಡಿಯಿಂದ ಒಂಬತ್ತು ಗಜದ ನೌವಾರಿ ಸೀರೆ ಉಟ್ಟು ಜಿಗಿದದ್ದು. ನಮ್ಮ ಮನೆಯಲ್ಲಿ ಟಿವಿ ನೋಡುತ್ತಿದ್ದ ಹೆಂಗಸರೆಲ್ಲ ಒಂದೇ ಸಲ ಕೇಳಿದ್ದು "ಸೀರಿ ಹಾರಲಿಲ್ಲೇನು?" ಎಂದು. ಎಲ್ಲಿ ಹಾರುತ್ತದೆ? ನೌವಾರಿ ಅಂದರೆ ಕಚ್ಚೆ ಹಾಕಿ ಉಡುವ ಸೀರೆ. ಪ್ಯಾರಾಚೂಟಿನ ಹಾರ್ನೆಸ್‌ಗೆ ಎರಡು ತೊಡೆಗೂ ಬೇರೆ ಬೇರೆ ಪಟ್ಟಿ ಬಿಗಿಯಬೇಕು. ನಮ್ಮ ಆರು ಗಜದ ನಿರಿಗೆ ಸೀರೆಗೆ ಅದು ಆಗದ ಮಾತು, ಕಚ್ಚೆಗೆ ಆಗುತ್ತದೆ. ನೆಲ ಮುಟ್ಟುವಾಗ ಓಡಬೇಕಾದರೂ ಕಾಲು ತೊಡರುವುದಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸರು, ಕುದುರೆ ಏರಿದ ಹೆಂಗಸರು ಉಟ್ಟ ಉಡುಗೆ ಅದು, ವಿಮಾನಕ್ಕೂ ಸೈ ಅನಿಸಿಕೊಂಡಿತು. ಸೀರೆಯ ಮೇಲೆ ಹಾರ್ನೆಸ್, ಹೆಲ್ಮೆಟ್, ಗಾಗಲ್ಸ್, ಕಾಲಿಗೆ ಬೂಟು. ಮೂಗುತಿಯ ವಿಷಯ ನನಗೆ ತಿಳಿಯದು.

ಸೀರೆಗೂ ಪ್ಯಾರಾಚೂಟಿಗೂ ಹಳೆಯ ನಂಟೇ ಇದೆ ಅನ್ನಿ. ನೈಲಾನ್ ಬರುವ ಮುಂಚೆ ಪ್ಯಾರಾಚೂಟುಗಳು ರೇಷ್ಮೆಯವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಜಪಾನಿನ ರೇಷ್ಮೆ ಮಿತ್ರರಾಷ್ಟ್ರಗಳಿಗೆ ಸಿಗದಂತಾದಾಗ ಮೈಸೂರು ಸೀಮೆಯ ರೇಷ್ಮೆಗೂ ಆ ಬೇಡಿಕೆ ಬಂದಿತ್ತು. ರಾಮನಗರ, ಕೊಳ್ಳೇಗಾಲದ ಕಡೆ ಹುಳುಗಳು ಸೊಪ್ಪು ತಿಂದು ಉಗುಳಿದ ನೂಲಿನಿಂದ ಒಬ್ಬಳು ಧಾರೆ ಸೀರೆ ಉಟ್ಟಳು, ಇನ್ನೊಬ್ಬ ಎಲ್ಲೋ ಪರದೇಶದಲ್ಲಿ ಜೀವ ಉಳಿಸಿಕೊಂಡ. ಹುಳಕ್ಕೆ ಎರಡೂ ಒಂದೇ.

ಬಣ್ಣದ ವಿಷಯವೊಂದು ಉಳಿಯಿತು. ನೀಲಿ ಅಂಗಿ ತೊಟ್ಟು ಆಕಾಶದಲ್ಲಿ ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ತಲೆ, ಎರಡು ಕೈ, ಎರಡು ಬೂಟು ಬೇರೆ ಬೇರೆಯಾಗಿ ತೇಲುತ್ತಿರುವಂತೆ ಬರುತ್ತದೆ. ನೀಲಿಗೆ ಎದುರು ಬಣ್ಣ ಕಿತ್ತಳೆ. ಇಷ್ಟು ಹೇಳಲು ಬಣ್ಣಗಳ ಶಾಸ್ತ್ರ ಓದಬೇಕಿಲ್ಲ, ನಮ್ಮ ತೋಟಗಳಲ್ಲಿ ಫಸಲು ಬಂದಾಗ ಒಂದು ಮರದ ಕೆಳಗೆ ನಿಂತು ಮೇಲೆ ನೋಡಿದರೆ ಸಾಕು.

ಈಗ ಕ್ಯಾಮೆರಾ. ಅಂಗಿ ನಿರ್ಧಾರವಾದ ಮೇಲೆ ಮಾತಾಡುವುದಕ್ಕೆ ನನ್ನ ಅಭ್ಯಂತರವಿಲ್ಲ. ಇಲ್ಲೂ ಮೊದಲು ನೋಡಬೇಕಾದದ್ದು ತೂಕ. ಕ್ಯಾಮೆರಾ ಕೂರುವುದು ಹೆಲ್ಮೆಟ್ಟಿನ ಮೇಲೆ, ಹೆಲ್ಮೆಟ್ಟು ಕೂರುವುದು ಕತ್ತಿನ ಮೇಲೆ. ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಕ್ಷಣದಲ್ಲಿ ದೇಹಕ್ಕೆ ಬೀಳುವ ಎಳೆತಕ್ಕೆ ತಲೆಯ ಮೇಲಿನ ಒಂದು ಕಿಲೋ ಮೂರ್ನಾಲ್ಕು ಕಿಲೋ ಆಗಿಬಿಡುತ್ತದೆ. ಕತ್ತು ಓರೆಯಾಗಿದ್ದರೆ ಆಮೇಲೆ ಎಲುಬು ವೈದ್ಯರ ಮನೆ. ಅದಕ್ಕೇ ಕ್ಯಾಮೆರಾದವರು ತಮ್ಮ ಪ್ಯಾರಾಚೂಟನ್ನು ನಿಧಾನವಾಗಿ ಬಿಚ್ಚಿಕೊಳ್ಳುವಂತೆ ಶ್ರದ್ಧೆಯಿಂದ ಮಡಚುತ್ತಾರೆ.

ಎರಡನೆಯದು ಸಿಕ್ಕಿಕೊಳ್ಳುವ ಅಪಾಯ. ಬಿಚ್ಚಿಕೊಳ್ಳುವ ಪ್ಯಾರಾಚೂಟಿನ ತೆಳು ದಾರಗಳು ತಲೆಯ ಪಕ್ಕದಲ್ಲೇ ಹಾದು ಮೇಲೇಳುತ್ತವೆ. ಹೆಲ್ಮೆಟ್ಟಿನ ಮೇಲೆ ಒಂದು ಮೊಳೆಯಷ್ಟು ಮೂಲೆ ಹೊರಚಾಚಿದ್ದರೂ ದಾರ ಅಲ್ಲಿ ಸುತ್ತಿಕೊಳ್ಳಬಹುದು. ಹೀಗಾಗಿ ಕ್ಯಾಮೆರಾ ಹೆಲ್ಮೆಟ್ಟಿಗೆ ಒಂದೇ ಎಳೆತಕ್ಕೆ ಕಳಚುವ ಗಲ್ಲದ ಪಟ್ಟಿ ಇಡುತ್ತಾರೆ: ದಾರ ಸಿಕ್ಕಿದರೆ ಕ್ಯಾಮೆರಾ, ಹೆಲ್ಮೆಟ್ಟು ಎಲ್ಲ ಹೋಗಲಿ, ತಲೆ ಇರಲಿ ಎಂಬ ಏರ್ಪಾಡು. ಮನೆಯಲ್ಲೇ ಪರೀಕ್ಷೆ ಮಾಡಬೇಕಾದರೆ ಒಂದು ಗಟ್ಟಿ ದಾರವನ್ನು ಹೆಲ್ಮೆಟ್ಟಿನ ಮೇಲೆ ಎಲ್ಲ ದಿಕ್ಕಿನಿಂದ ಎಳೆದು ನೋಡಬೇಕು, ತಡೆದ ಕಡೆಯೆಲ್ಲ ಟೇಪು ಬಡಿಯಬೇಕು. ಬೂಟಿಗೂ ಇದೇ ನ್ಯಾಯ. ಲೇಸು ಸಿಕ್ಕಿಸುವ ಕೊಕ್ಕೆಗಳಿದ್ದರೆ ಆ ಬೂಟು ಚಾರಣಕ್ಕೆ ಇಟ್ಟುಕೊಳ್ಳಲಿ. ಹೂಡಿಯ ಟೋಪಿ ಬೇಡ. ಸಡಿಲವಾದ ಜಾಕೀಟಂತೂ ಬೇಡವೇ ಬೇಡ, ಅದರ ಅಂಚು ಹಾರಿ ಬೆನ್ನ ಚೀಲದ ತಳದ ಹಿಡಿಕೆಯನ್ನು ಮುಚ್ಚಿಬಿಟ್ಟರೆ ಹುಡುಕಲು ಸಿಗುವ ಸಮಯ ಸೆಕೆಂಡಿನ ಲೆಕ್ಕದ್ದು.

ಕೈ ರೆಕ್ಕೆಯಾಗಿರುವಾಗ ಗುಂಡಿ ಒತ್ತುವುದು ಹೇಗೆ ಎಂದು ಹುಡುಗ ಕೇಳಿದ. ಹಲ್ಲಿನಿಂದ! ಸ್ಟಿಲ್ ಕ್ಯಾಮೆರಾಗೆ ಒಂದು ವೈರು ಸಿಕ್ಕಿಸಿ, ಅದರ ತುದಿಯ ಸಣ್ಣ ಸ್ವಿಚ್ಚನ್ನು ದವಡೆಯಲ್ಲಿ ಅಡಿಕೆ ಹೋಳಿನಂತೆ ಇಟ್ಟುಕೊಳ್ಳುತ್ತಾರೆ. ಕಚ್ಚಿದರೆ ಫೋಟೊ. ಗುರಿ ಹಿಡಿಯಲು ಕಣ್ಣಿನ ಮುಂದೆ ಉಂಗುರದ ಗೆರೆಗಳಿರುವ ಪುಟ್ಟ ಗಾಜು. ಆ ಉಂಗುರದೊಳಗೆ ಎದುರಿನವನ ಮುಖ ಕೂತರೆ ಕ್ಯಾಮೆರಾದಲ್ಲೂ ಕೂತಿದೆ ಎಂದರ್ಥ. ಲೆನ್ಸು ಅಗಲ ನೋಟದ್ದಿರಬೇಕು, ಝೂಮ್ ಆಸೆ ಬಿಡಬೇಕು. ಇದ್ದರೂ ಗಾಳಿಯ ನಡುಕಕ್ಕೆ ತಾನೇ ತಿರುಗುತ್ತದೆಂದು ಉಂಗುರಕ್ಕೆ ಟೇಪು ಅಂಟಿಸಿಬಿಡುತ್ತಾರೆ. ಟೇಪು ಇಲ್ಲದೆ ಈ ವಿದ್ಯೆ ಒಂದು ಹೆಜ್ಜೆ ಮುಂದೆ ಹೋಗದು.

ಟ್ಯಾಂಡಮ್ ವಿಡಿಯೊಗಳ ಕೊನೆಯಲ್ಲಿ ಪ್ಯಾರಾಚೂಟ್ ಬಿಚ್ಚಿದ ಕೂಡಲೆ ಜೋಡಿ ರೊಯ್ಯನೆ ಮೇಲೆ ಹಾರಿಹೋದಂತೆ ಕಾಣುತ್ತದಲ್ಲ? ಅವರು ಮೇಲೆ ಹೋಗುವುದೇ ಇಲ್ಲ. ಅವರ ವೇಗ ತಗ್ಗಿರುತ್ತದೆ, ನೋಡುತ್ತಿರುವವನು ಇನ್ನೂ ಬೀಳುತ್ತಿರುತ್ತಾನೆ. ಇಡೀ ಚಿತ್ರದಲ್ಲಿ ಕ್ಯಾಮೆರಾದವನು ತಾನಿದ್ದೇನೆಂದು ತೋರಿಸಿಕೊಳ್ಳುವುದು ಆ ಒಂದು ಕ್ಷಣದಲ್ಲಿ ಮಾತ್ರ. ಆಮೇಲೆ ಅವನು ಅವರಿಗಿಂತ ಮೊದಲು ನೆಲ ಮುಟ್ಟಿ, ಅವರು ಇಳಿಯುವುದನ್ನು ತೆಗೆಯಲು ಎದ್ದು ನಿಂತಿರಬೇಕು.

ಈಗಿನ ಅಂಗೈಯಗಲದ ಆಕ್ಷನ್ ಕ್ಯಾಮೆರಾಗಳು ಬಂದಮೇಲೆ ಎಲ್ಲ ಸಲೀಸಾಯಿತು ಎನ್ನುತ್ತಾರೆ. ಗೋಪ್ರೊ ಕಂಪನಿಯ ಕತೆ ನನ್ನ ವಾದಕ್ಕೆ ಸಾಕ್ಷಿ. ಅದನ್ನು 2002ರಲ್ಲಿ ಶುರು ಮಾಡಿದ ನಿಕ್ ವುಡ್‌ಮನ್ ಮೊದಲು ತಲೆ ಕೆಡಿಸಿಕೊಂಡದ್ದು ಕ್ಯಾಮೆರಾದ ಬಗ್ಗೆ ಅಲ್ಲವೇ ಅಲ್ಲ. ಸಮುದ್ರದ ಅಲೆಯ ಮೇಲೆ ಹಲಗೆ ಸವಾರಿ ಮಾಡುವಾಗ ಕ್ಯಾಮೆರಾವನ್ನು ಕೈಗೆ ಕಟ್ಟಿಕೊಳ್ಳುವ ಪಟ್ಟಿ ಹೇಗಿರಬೇಕು ಎಂದು ತಾಯಿಯ ಹೊಲಿಗೆ ಯಂತ್ರ ತಂದು ಹೊಲಿದು ನೋಡುತ್ತಿದ್ದ. 2004ರಲ್ಲಿ ಹೊರಬಂದ ಮೊದಲ ಕ್ಯಾಮೆರಾ ಫಿಲ್ಮ್ ರೋಲಿನದು. ಅಂದರೆ ಹೊಲಿಗೆ ಮೊದಲು, ಕ್ಯಾಮೆರಾ ಆಮೇಲೆ. ಆದರೆ ಚಿಕ್ಕದಾಯಿತೆಂಬ ಮಾತ್ರಕ್ಕೆ ಅಪಾಯ ಚಿಕ್ಕದಾಗಲಿಲ್ಲ. ದಾರ ಸಿಕ್ಕಿಕೊಳ್ಳಲು ಬೆಂಕಿಪೊಟ್ಟಣದಷ್ಟು ವಸ್ತು ಸಾಕು.

ದೊಡ್ಡ ಕ್ಯಾಮೆರಾಗಳ ಕಾಲದಲ್ಲಿ ಸಿನಿಮಾದವರು ಪಟ್ಟ ಪಾಡು ಕೇಳಬೇಕು. 1979ರ 'ಮೂನ್‌ರೇಕರ್'ನಲ್ಲಿ ಜೇಮ್ಸ್ ಬಾಂಡ್ ಪ್ಯಾರಾಚೂಟ್ ಇಲ್ಲದೆ ಬಿದ್ದು, ಇನ್ನೊಬ್ಬನ ಬೆನ್ನಿನಿಂದ ಅದನ್ನು ಕಸಿಯುವ ದೃಶ್ಯವಿದೆ. ಪರದೆಯ ಮೇಲೆ ನಿಮಿಷಗಳ ಆಟ, ಅದಕ್ಕೆ 88 ಜಿಗಿತ. ಬಾಂಡನ ಸೂಟಿನೊಳಗೆ ತೆಳ್ಳನೆಯ ಪ್ಯಾರಾಚೂಟ್ ಅಡಗಿಸಿಟ್ಟಿದ್ದರು. ಅಲ್ಲಿಯೂ ದರ್ಜಿಯೇ ನಾಯಕ. 2018ರ 'ಮಿಷನ್ ಇಂಪಾಸಿಬಲ್ - ಫಾಲ್‌ಔಟ್'ಗಾಗಿ ಟಾಮ್ ಕ್ರೂಸ್ ಜಿಗಿದದ್ದು ನೂರಾರು ಪತ್ರಿಕೆಗಳಲ್ಲಿ ಬಂತು, 106 ಸಲ ಎಂದು ಲೆಕ್ಕವೂ ಬಂತು. ಅವನ ಮುಂದೆ, ತಲೆಯ ಮೇಲೆ ಕ್ಯಾಮೆರಾ ಹೊತ್ತು, ವಿಮಾನದಿಂದ ಹಿಮ್ಮುಖವಾಗಿ ಬಿದ್ದವನು ಕ್ರೇಗ್ ಓಬ್ರಿಯನ್. ಸಂಜೆಯ ಬೆಳಕಿನ ಮೂರು ನಿಮಿಷದಲ್ಲಿ ದಿನಕ್ಕೆ ಒಂದೇ ಪ್ರಯತ್ನ. ಕ್ರೂಸ್ ತೊಟ್ಟ ಹೆಲ್ಮೆಟ್ಟಿನೊಳಗೆ ಮುಖ ಕಾಣಲೆಂದು ದೀಪ ಬೇರೆ. ಓಬ್ರಿಯನ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಕ್ಯಾಮೆರಾದ ಗುಂಗಿನಲ್ಲಿ ಮೈಮೇಲಿನದನ್ನು ಮರೆತರೆ ಏನಾಗುತ್ತದೆಂಬುದಕ್ಕೆ 1988ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದದ್ದನ್ನು ಹೇಳಬೇಕು. ನೂರಾರು ಜಿಗಿತಗಳ ಅನುಭವಿ ಕ್ಯಾಮೆರಾಮನ್ ಒಬ್ಬ ವಿದ್ಯಾರ್ಥಿಯನ್ನು ಚಿತ್ರಿಸುತ್ತ ವಿಮಾನದಿಂದ ಹೊರಬಿದ್ದ. ಪ್ಯಾರಾಚೂಟ್ ಹಾಕಿಕೊಂಡಿರಲಿಲ್ಲ. ಆಗ ಕ್ಯಾಮೆರಾ ತಲೆಯ ಮೇಲೆ, ಅದರ ಭಾರವಾದ ರೆಕಾರ್ಡರ್ ಮೈಗೆ ಬೇರೆ. ಆ ಭಾರವನ್ನೇ ಮೈ ಪ್ಯಾರಾಚೂಟ್ ಎಂದು ನಂಬಿತೇನೋ ಎಂಬುದು ಜನರ ಊಹೆ. ಕೊನೆಯವರೆಗೂ ಟೇಪು ಓಡಿತ್ತು.

ನಮ್ಮ ಕರ್ನಾಟಕದಲ್ಲೇ 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಕ್ಯಾಮೆರಾಗಳು ಬೇಕಾದಷ್ಟಿದ್ದವು; ಅವರಿಬ್ಬರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಆ ದೃಶ್ಯವನ್ನು ಟಿವಿಯವರು ದಿನವಿಡೀ ತೋರಿಸಿದರು. ಇದನ್ನು ಹುಡುಗನಿಗೆ ನೆನಪಿಸಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಕೈಗವಸಿನ ಇನ್ನೊಂದು ಕತೆ ಹೇಳಿ ಮನಸ್ಸು ಬೇರೆಡೆ ತಿರುಗಿಸಿದೆ. 1960ರ ಆಗಸ್ಟ್ 16ರಂದು ಅಮೆರಿಕದ ವಾಯುಪಡೆಯ ಜೋ ಕಿಟಿಂಜರ್ ಬಲೂನಿನಲ್ಲಿ 1,02,800 ಅಡಿ ಏರಿದಾಗ ಬಲಗೈ ಗವಸಿಗೆ ಒತ್ತಡ ತುಂಬಲಿಲ್ಲ. ಕೈ ಊದಿ ದಪ್ಪವಾಗುತ್ತ ಬಂತು. ಹೇಳಿದರೆ ಕೆಳಗಿನವರು ಇಳಿ ಎನ್ನುತ್ತಾರೆಂದು ಸುಮ್ಮನಿದ್ದ, ಜಿಗಿದೂ ಬಿಟ್ಟ. ಬುಟ್ಟಿಗೆ ಕಟ್ಟಿದ್ದ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ತೆಗೆದ ಆ ಜಿಗಿತದ ಚಿತ್ರ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಬಂತು. ಕೈ ಆಮೇಲೆ ಸರಿಹೋಯಿತು.

"ಅಂದ್ರ ಮಾಮಾ, ನಾ ಈಗ ಏನ್ ತೊಗೊಳ್ಲಿ, ಅದರ ಹೇಳ್ರಿ."

"ಎಷ್ಟ್ ಸಲ ಜಿಗದೀಯೋ ತಮ್ಮಾ?"

"ಒಂದ."

ಅಮೆರಿಕದ ಪ್ಯಾರಾಚೂಟ್ ಸಂಘದವರ ಶಿಫಾರಸು, 200 ಜಿಗಿತ ಆಗುವ ತನಕ ಕ್ಯಾಮೆರಾ ಮುಟ್ಟಬೇಡಿ ಎಂಬುದು. ಬೀಳುವುದು, ಎತ್ತರ ನೋಡುವುದು, ಬಿಚ್ಚುವುದು, ಇಳಿಯುವುದು ಎಲ್ಲ ಯೋಚಿಸದೆ ನಡೆಯುವ ಹಂತ ಬಂದ ಮೇಲಷ್ಟೇ ತಲೆಗೆ ಇನ್ನೊಂದು ಕೆಲಸ ಕೊಡಬಹುದು. ಇವನದು ಕಟ್ಟಿಸಿಕೊಂಡು ಜಿಗಿದ ಒಂದೇ ಒಂದು ಜಿಗಿತ. ನಮ್ಮ ದೇಶದಲ್ಲಿ ಜಿಗಿತದ ತಾಣಗಳಿರುವುದೇ ಬೆರಳೆಣಿಕೆಯಷ್ಟು. ಸಂಬಳ ಉಳಿಸಿ, ರಜೆ ಹೊಂದಿಸಿ ಇನ್ನೂರು ಮುಗಿಸುವ ಹೊತ್ತಿಗೆ ಇವತ್ತು ಕೊಂಡ ಕ್ಯಾಮೆರಾಗೆ ಚಾರ್ಜರ್ ಸಿಗುವುದಿಲ್ಲ. ಅಂಗಿಯಾದರೂ ಹೊಲಿಸೋಣವೆಂದರೆ, ನನ್ನ ತಂಗಿಯ ಅಡಿಗೆ ಹೀಗೇ ನಡೆದರೆ ಅಷ್ಟರಲ್ಲಿ ಅವನು ಬಿಗಿ ಬಟ್ಟೆಯ ವರ್ಗದಿಂದ ದೊಗಲೆಯ ವರ್ಗಕ್ಕೆ ದಾಟಿರುತ್ತಾನೆ. ಸದ್ಯಕ್ಕೆ ಒಂದು ಒಳ್ಳೆಯ ಗಾಗಲ್ಸ್ ತೊಗೊ, ಕಣ್ಣಿನ ಅಳತೆ ಬದಲಾಗುವುದಿಲ್ಲ ಎಂದೆ. ತೊಗೊಂಡಿದ್ದಾನೆ. ಸ್ಕೂಟರ್ ಓಡಿಸುವಾಗ ಹಾಕಿಕೊಳ್ಳುತ್ತಾನಂತೆ. ಹುಬ್ಬಳ್ಳಿ ಧೂಳಿಗೆ ಭಾಳ ಚಲೋ ಆಗೇತ್ರಿ ಮಾಮಾ ಅನ್ನುತ್ತಾನೆ.